ಪೋಲ್ಕ ತಾಳಕ್ಕೆ ಬಿದ್ದ ಮದ್ದು

ತಕ್ಕಡಿಯ ಮುಳ್ಳು ನೋಡಿ ನಾರ್ಬರ್ಟ್ ಹಣೆ ಚಚ್ಚಿಕೊಂಡ. ಕೋವಿಯ ಈ ತೋಟಾಕ್ಕೆ ಬಿದ್ದ ಮದ್ದು ಹೆಚ್ಚು, ಇದರ ಹಿಂದಿನದಕ್ಕೆ ಕಡಿಮೆ. ಅದೇ ಯಂತ್ರ, ಅದೇ ಡಬ್ಬಿ, ಅದೇ ಕೈ. ಆದರೂ ಹೀಗೆ!

ವಿಸ್ಕಾನ್ಸಿನ್‌ನ ಆ ಊರಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದರೆ ಗಂಡಸರೆಲ್ಲ ಕೋವಿ ಹಿಡಿದು ಬಯಲಿಗೆ ಹೋಗಿ, ಗಾಳಿಯಲ್ಲಿ ಹಾರಿಬರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವವರೇ. ಹೊಡೆದ ತೋಟಾದ ಖಾಲಿ ಕವಚ ಆರಿಸಿ ತಂದು, ನೆಲಮಾಳಿಗೆಯಲ್ಲಿ ಹಿಡಿ ಎಳೆಯುವ ಯಂತ್ರದಿಂದ ಮತ್ತೆ ಮದ್ದು, ಸೀಸದ ಚರೆ ತುಂಬುವುದು ನಾರ್ಬರ್ಟ್‌ನ ನಿತ್ಯಾನುಷ್ಠಾನ. ಗುರಿ ತಪ್ಪಿದಾಗಲೆಲ್ಲ ಅವನದು ಒಂದೇ ಮಾತು: "ನನ್ನ ಕಣ್ಣಲ್ಲಿ ಐಬಿಲ್ಲ, ಮದ್ದು ಒಂದೇ ಸಮ ಬೀಳ್ತಿಲ್ಲ." ಈಗ ಕೋವಿ ಕ್ಲಬ್ಬಿನವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಬರುವ ಭಾನುವಾರವೂ ಹೀಗೇ ಆದರೆ ತಂಡದಲ್ಲಿ ಅವನ ಜಾಗ ಡೆಲ್ಮರ್‌ಗೆ. ಡೆಲ್ಮರ್ ಅಂದರೆ ಹೆಂಡತಿಯ ತಮ್ಮ. (ಇಂಥ ಅವಮಾನ ಹೊರಗಿನವರಿಂದ ಬಂದರೆ ತಡೆದುಕೊಳ್ಳಬಹುದು.)

"ಲವರ್ನ್! ಮದ್ದು ಮತ್ತೆ ಹೆಚ್ಚು ಕಮ್ಮಿ ಆಗ್ತಿದೆ!" ಎಂದು ಕೆಳಗಿನಿಂದ ಹೆಂಡತಿಗೆ ಕೂಗಿದ.

"ನಿನಗೆ ಹಿಡಿದಿರೋ ರೋಗಕ್ಕೆ ಯಾವ ಮದ್ದೂ ಇಲ್ಲ ನಾರ್ಬ್!" ಮೇಲಿನಿಂದ ಉತ್ತರ ಬಂತು. "ಆ ತೋಟಾ ಬಿಟ್ಟು ಒಂದಿನ ತೋಟದ ಕಳೆ ಕೀಳು!"

ಜೊತೆಗೇ ಅವಳ ಅಕಾರ್ಡಿಯನ್ನೂ ಶುರುವಾಯಿತು. ಶುಕ್ರವಾರ ಚರ್ಚಿನ ಮೀನೂಟಕ್ಕೆ ನುಡಿಸುವವಳು ಅವಳೇ. ಮೊದಲು ಒಂದು ಭಕ್ತಿಗೀತೆ, ಬಸವನಹುಳುವಿನ ನಡಿಗೆಯಲ್ಲಿ. ಆಮೇಲೆ ದಡಬಡ ಕುಣಿತದ ಹಾಡು, ಪೋಲ್ಕ. ಯಂತ್ರದ ಹಿಡಿ ಎಳೆಯುತ್ತಿದ್ದ ನಾರ್ಬರ್ಟ್ ತಟ್ಟನೆ ತನ್ನ ಕೈಯನ್ನೇ ನೋಡಿ ಹೌಹಾರಿದ. ಕೈ ಪೋಲ್ಕ ಕುಣಿಯುತ್ತಿತ್ತು! ಭಕ್ತಿಗೀತೆಗೆ ಹಿಡಿ ಮೆಲ್ಲಗೆ ಇಳಿದು ಮದ್ದು ಸಡಿಲವಾಗಿ, ಕಡಿಮೆ ಬೀಳುತ್ತಿತ್ತು. ಪೋಲ್ಕಕ್ಕೆ ಯಂತ್ರವೆಲ್ಲ ಗಡಗಡನೆ ಕುಲುಕಿ, ಮದ್ದು ಅದುಮಿಕೊಂಡು ಹೆಚ್ಚು ಬೀಳುತ್ತಿತ್ತು. ಇಷ್ಟು ವರ್ಷ ತನ್ನ ಕೋವಿಯನ್ನು ಆಳಿದ್ದು ಹೆಂಡತಿಯ ಸಂಗೀತವೇ?

ಮೆಟ್ಟಿಲು ಹಾರಿಕೊಂಡು ಮೇಲೆ ಬಂದ. "ನೀನೇ! ನೀನೇ ನನ್ನ ಗುರಿ ಕೆಡಿಸ್ತಿರೋದು!"

ವಿಷಯ ಕೇಳಿ ಲವರ್ನ್ ಬಿದ್ದು ಬಿದ್ದು ನಕ್ಕಳು. "ಹಾಗಾದ್ರೆ ನುಡಿಸೋದು ನಿಲ್ಲಿಸ್ಲಾ?"

"ಬೇಡ ಬೇಡ! ಸುಮ್ನಿದ್ರೆ ಕೈ ತನಗಿಷ್ಟ ಬಂದ ಹಾಗೆ ಓಡುತ್ತೆ. ಒಂದೇ ಹಾಡು, ಒಂದೇ ತಾಳ. ದಯವಿಟ್ಟು."

ಅವಳು ಕೆಳಗೆ ಬಂದು, ಬಟ್ಟೆ ಒಗೆಯುವ ಯಂತ್ರದ ಮೇಲೆ ಮಹಾರಾಣಿಯಂತೆ ವಿರಾಜಮಾನಳಾಗಿ ಒಂದೇ ಪೋಲ್ಕ ನುಡಿಸಿದಳು. ಅವನು ಹಿಡಿ ಎಳೆದ. ತಕ್ಕಡಿಯ ಮುಳ್ಳು ಪ್ರತಿಸಲವೂ ಒಂದೇ ಕಡೆ ನಿಂತಿತು! ನಾರ್ಬರ್ಟ್ ಎದ್ದು ಹೆಂಡತಿಯ ಹಣೆಗೆ ಮುತ್ತಿಟ್ಟ. (ಅವಳಿಗೆ ಗಾಬರಿಯೇ ಆಯಿತು.)

ಭಾನುವಾರ ಮೊದಲ ಬಿಲ್ಲೆ ಹಾರಿತು. ಢಮಾರ್! ಬಿಲ್ಲೆ ಇಡಿಯಾಗಿ ಹೋಗಿ ಹುಲ್ಲಿನ ಮೇಲೆ ಕೂತಿತು. ಎರಡನೆಯದೂ ಹಾಗೇ. ಮೂರನೆಯದೂ. ಹಿಂದೆ ಢಮ್ ಎಂದು ಒಂದು, ಠುಸ್ ಎಂದು ಇನ್ನೊಂದು ಹೋಗುವಾಗ ಅಪ್ಪಿತಪ್ಪಿ ಕೆಲವಾದರೂ ಸಿಗುತ್ತಿದ್ದವು. ಈಗ ತಪ್ಪುವುದೂ ಒಂದೇ ಸಮ!

"ಈ ಸಲ ಗಾಳಿ..." ಎಂದ ನಾರ್ಬರ್ಟ್, ಬೆವರೊರೆಸಿಕೊಳ್ಳುತ್ತ.

"ಒಂದ್ನಿಮಿಷ ಭಾವ," ಎಂದು ಡೆಲ್ಮರ್ ಅವನ ಪೆಟ್ಟಿಗೆಯಿಂದಲೇ ಒಂದು ಹಿಡಿ ತೋಟಾ ತೆಗೆದುಕೊಂಡ. ಹೊಡೆದದ್ದೆಲ್ಲ ಪುಡಿಪುಡಿ. "ಅಬ್ಬಬ್ಬಾ! ಬಂಗಾರದಂಥ ತೋಟಾ! ಹೆಂಗೆ ಮಾಡಿದೆ?"

ನಾರ್ಬರ್ಟ್ ಪೆಟ್ಟಿಗೆಯ ಮುಚ್ಚಳ ಮುಚ್ಚತೊಡಗಿದ. ನೋಡಲು ಬಂದಿದ್ದ ಲವರ್ನ್‌ಗೆ ಮುಚ್ಚಿಡುವುದೇನೂ ಇರಲಿಲ್ಲ. ಅವಳು ಕಥೆ ಹೇಳಿದಳು, ಎಲ್ಲರಿಗೂ.

ಮರುದಿನ ನಾರ್ಬರ್ಟ್ ಕೆಲಸದಿಂದ ಬಂದಾಗ ನೆಲಮಾಳಿಗೆಯೊಳಗಿಂದ ಪೋಲ್ಕ ಕೇಳುತ್ತಿತ್ತು. ಇಳಿದು ನೋಡಿ ಸ್ತಂಭೀಭೂತನಾದ. ಇಡೀ ಕ್ಲಬ್ಬು ತಂತಮ್ಮ ಯಂತ್ರ ಹೊತ್ತು ತಂದು ಸಾಲಾಗಿ ಕೂತಿದೆ! ಅವನ ಸ್ಟೂಲಿನ ಮೇಲೆ ಡೆಲ್ಮರ್!

"ನಾನೆಲ್ಲಿ ಕೂರಲಿ?"

ಲವರ್ನ್ ನುಡಿಸುತ್ತಲೇ ತಲೆಯಾಡಿಸಿದಳು. "ನೀನು ಬೇಡ ನಾರ್ಬ್, ಕಾಲು ಕುಟ್ಟಿ ಕುಟ್ಟಿ ಇವರ ತಾಳ ತಪ್ಪಿಸ್ತೀಯ. ಮೇಲೆ ಹೋಗಿ ಇವರಿಗೆಲ್ಲ ಮೀನು ಕರಿಯೋಕೆ ಹಿಟ್ಟು ಕಲಸು. ಅಳತೆ ಮಾತ್ರ ಹೆಚ್ಚು ಕಮ್ಮಿ ಆಗ್ಬಾರ್ದು!"