ಕಾರ್ಕಳದಲ್ಲಿ ಕಡಲು, ಕಾಪುವಿನಲ್ಲಿ ಮಂಗ

ಕಂಬ ಹತ್ತುವವನಿಗೆ ಕೆಳಗೆ ನಿಂತವರು ಏನಾದರೊಂದು ಹೇಳುತ್ತಲೇ ಇರುತ್ತಾರೆ. ನಾನು ಫೋನು, ಇಂಟರ್ನೆಟ್ಟಿನ ತಂತಿ ಜೋಡಿಸುವವನು. ಮನೆ ಕಾಪುವಿನಲ್ಲಿ. ಓದಿದ್ದು ಐದನೇ ಕ್ಲಾಸು. ತಂತಿಯ ವಿಷಯದಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡುತ್ತಿದ್ದವಳು ಒಬ್ಬಳೇ, ನನ್ನ ಹೆಂಡತಿ. ಅವಳು ತೀರಿಹೋಗಿ ಎರಡು ವರ್ಷ ಆಯಿತು.

ಐಸು

ಕಂಪೆನಿಯವರು ಹೊಸ ಸಾಫ್ಟ್‌ವೇರ್ ಮಾಡಿಸಲಿಕ್ಕೆ ಹೊರಟರು. ಎಲ್ಲಿ ಲೈನು ಹಾಳಾಯಿತು, ಯಾರು ಹೋಗಬೇಕು ಎಂದು ಅದೇ ಹೇಳಬೇಕಂತೆ. ಮಾಡುವುದು ಮಣಿಪಾಲದ ಆಫೀಸಿನಲ್ಲಿ. ಕೆಲಸ ಗೊತ್ತಿದ್ದವನು ಒಬ್ಬ ಬೇಕು ಎಂದು ನನ್ನನ್ನು ಕಳಿಸಿದರು. ಅಲ್ಲಿ ಒಬ್ಬರು ಇಂಜಿನಿಯರಮ್ಮ. ಗೋಡೆಯ ತುಂಬ ಚೌಕ, ಬಾಣ. ಮೊದಲು ಕೆಲಸದ ನಕ್ಷೆ ಬರೆಯುವುದು, ಆಮೇಲೆ ಪ್ರೋಗ್ರಾಮನ್ನು ನಕ್ಷೆ ನೋಡಿ ಕಂಪ್ಯೂಟರೇ ಬರೆದುಕೊಳ್ಳುತ್ತದೆ ಎಂದರು. ನಕ್ಷೆ ತಪ್ಪಿದರೆ ಎಂದು ಕೇಳಿದೆ. ತಪ್ಪನ್ನೂ ಸರಿಯಾಗಿ ಬರೆಯುತ್ತದೆ ಎಂದರು.

ಫಾಲ್ಟ್ ಹುಡುಕುವುದು ಹೇಗೆ ಎಂದು ಕೇಳಿದರು. ಹೆಂಡತಿ ಹೇಳುತ್ತಿದ್ದಳು ಎಂದೆ. ಹಿಂದೆ ದೂರುಗಳೆಲ್ಲ ಬರುತ್ತಿದ್ದದ್ದು ನಮ್ಮ ಮನೆಯ ಫೋನಿಗೆ. ಉಚ್ಚಿಲದ ಲೈನೂ ಹೆಜಮಾಡಿಯದ್ದೂ ಒಟ್ಟಿಗೆ ಸತ್ತರೆ ಅವಳು ನನ್ನನ್ನು ಮನೆ ಮನೆ ಸುತ್ತಲಿಕ್ಕೆ ಬಿಡುತ್ತಿರಲಿಲ್ಲ. ಕಾಪು ದಾಟಿದ ಕೂಡಲೇ ಇರುವ ಪೆಟ್ಟಿಗೆ ತೆರೆಯಲಿಕ್ಕೆ ಹೇಳುತ್ತಿದ್ದಳು. ಎರಡು ಊರಿಗೂ ತಂತಿ ಅಲ್ಲಿಂದಲೇ ಹೋಗುವುದು.

ಇಂಜಿನಿಯರಮ್ಮ ಪೆನ್ನು ಕೆಳಗಿಟ್ಟರು. ಇದನ್ನು ನಾವು ಒಂದು ಸೆಮಿಸ್ಟರ್ ಪೂರ್ತಿ ಓದಿದ್ದೇವೆ, ನಿಮ್ಮ ಹೆಂಡತಿ ಎಲ್ಲಿ ಓದಿದ್ದು ಎಂದರು.

ಮೀನು ಮಾರ್ಕೆಟ್ಟಿನಲ್ಲಿ ಎಂದೆ. ಅವಳದ್ದು ಒಂದೇ ಮಾತು: "ಎರಡು ಬುಟ್ಟಿಯ ಬಂಗುಡೆ ಒಟ್ಟಿಗೆ ನಾರಿದರೆ ಮೀನು ಮೂಸಬಾರದು, ಐಸಿನವನನ್ನು ಹಿಡಿಯಬೇಕು."

ಇಂಜಿನಿಯರಮ್ಮ ಅದನ್ನೂ ನಕ್ಷೆಯಲ್ಲಿ ಒಂದು ಚೌಕ ಮಾಡಿದರು. ಆ ಚೌಕಕ್ಕೆ ಪುಸ್ತಕದಲ್ಲಿ ಉದ್ದದ ಇಂಗ್ಲಿಷ್ ಹೆಸರು ಉಂಟು. ಮಣಿಪಾಲದ ಆ ಆಫೀಸಿನಲ್ಲಿ ಮಾತ್ರ ಎಲ್ಲರೂ ಅದನ್ನು ಐಸು ಎನ್ನುತ್ತಾರೆ.

ಇಡ್ಲಿ ತಟ್ಟೆ

ಒಮ್ಮೆ ಬರೆದ ನಕ್ಷೆ ಎಲ್ಲ ಕಡೆಗೂ ಆಗುತ್ತದಂತೆ. ಇಡ್ಲಿ ತಟ್ಟೆಯ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಕಾಪು ಕಡಲ ಬದಿ, ಕಂಬ ಹತ್ತುವ ಮೊದಲು ಕಡಲು ನೋಡಬೇಕು ಎಂದು ನಕ್ಷೆಯಲ್ಲಿತ್ತು. ಅದನ್ನು ಹಾಗೆಯೇ ಕಡಲಿಲ್ಲದ ಕಾರ್ಕಳಕ್ಕೆ ಒತ್ತಿದರು.

ಕಾರ್ಕಳದ ಲೈನ್‌ಮ್ಯಾನ್ ನನ್ನ ಹಳೇ ದೋಸ್ತಿ. ಬಂಡೆಯ ಬುಡದಲ್ಲಿ ಕಂಬಕ್ಕೆ ಏಣಿ ಇಟ್ಟಿದ್ದಾನೆ. ಮೊಬೈಲಿನಲ್ಲಿ ಹೊಸ ಸಾಫ್ಟ್‌ವೇರ್ ಕೇಳಿತಂತೆ, ಕಡಲು ಶಾಂತ ಉಂಟಾ ಎಂದು. ಒತ್ತಲಿಕ್ಕೆ ಇದ್ದದ್ದು ಎರಡೇ, ಹೌದು ಮತ್ತು ಇಲ್ಲ. ಅವನು ಸುಳ್ಳು ಹೇಳದ ಮನುಷ್ಯ. ಕಾಣದ ಕಡಲಿಗೆ ಹೌದು ಎನ್ನುವುದು ಹೇಗೆ ಎಂದು ಇಲ್ಲ ಒತ್ತಿದ. ಕಡಲು ಜೋರಾಗಿದೆ, ಕೆಲಸ ನಿಲ್ಲಿಸಿ ಎಂದು ಇಡೀ ಕಾರ್ಕಳಕ್ಕೆ ಆದೇಶ ಹೋಯಿತು. ಎಲ್ಲರೂ ಏಣಿ ಇಳಿಸಿ ಕೂತರು. ಸಂಜೆ ಅವನು ನನಗೆ ಫೋನು ಮಾಡಿದ. "ಅಲೆ ಇಳಿದರೆ ಹೇಳು ಮಾರಾಯ, ಇಲ್ಲಿಂದ ಕಾಣುವುದಿಲ್ಲ."

ಇಂಜಿನಿಯರಮ್ಮ ತಿದ್ದಿದರು. ಇನ್ನು ಮೇಲೆ ಯಾವ ಪ್ರಶ್ನೆಗೇ ಆಗಲಿ ಯಾರಾದರೂ ಇಲ್ಲ ಎಂದರೆ ಊರಿಡೀ ಕೆಲಸ ನಿಲ್ಲುವುದು ಬೇಡ, ಹತ್ತಿರದ ಲೈನ್‌ಮ್ಯಾನ್ ಹೋಗಿ ನೋಡಿ ಸರಿ ಮಾಡಲಿ ಎಂದು ಬರೆದರು. ಕಡಲು ತೆಗೆದರು. ಕಾರ್ಕಳದಲ್ಲಿ ತಂತಿ ಜಗ್ಗುವ ಮಂಗಗಳನ್ನು ಫಾಲ್ಟಿನ ಕಾರಣಗಳ ಪಟ್ಟಿಗೆ ಸೇರಿಸಿದರು. ತಟ್ಟೆ ಒಂದೇ ಅಲ್ವಾ, ಮಂಗ ಕಾಪುವಿನ ಕಡೆಗೂ ಬಂತು.

ಮರುವಾರ ಹೆಜಮಾಡಿಯಲ್ಲಿ ಒಂದು ಮನೆ. ಹೆಂಗಸು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದಳು. ಮೊಬೈಲು ನೋಡಿಕೊಂಡು, ಇಲ್ಲಿ ಮಂಗ ಉಂಟಾ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ಹೊತ್ತು ಇರಲಿಲ್ಲ."

ತಟ್ಟೆಯಡಿಯ ಚೀಟಿ

ಕಂಬ ಹತ್ತುವ ಮೊದಲು ಎಂತೆಂತ ನೋಡಬೇಕು ಎಂದು ಇಂಜಿನಿಯರಮ್ಮ ಮೊದಲೇ ಕೇಳಿದ್ದರು. ಬೆಲ್ಟು ಎಂದೆ, ಗ್ಲೌಸು ಎಂದೆ. ಊಟ ಎಂದೆ.

ಹೆಂಡತಿ ದೂರಿನ ವಿಳಾಸವನ್ನು ಚೀಟಿಯಲ್ಲಿ ಬರೆದು ನನ್ನ ಊಟದ ತಟ್ಟೆಯ ಅಡಿಗೆ ಇಡುತ್ತಿದ್ದಳು. ಗಂಜಿ ಮುಗಿಯದೆ ತಟ್ಟೆ ಎತ್ತುವ ಹಾಗಿಲ್ಲ. ಮೇಲೆ ತಲೆ ತಿರುಗಿದರೆ ಹಿಡಿಯಲಿಕ್ಕೆ ನಾನು ಅಲ್ಲಿ ಇರುವುದಿಲ್ಲ ಎನ್ನುತ್ತಿದ್ದಳು.

ಅದೂ ಒಂದು ಚೌಕವಾಯಿತು. ಮಧ್ಯಾಹ್ನ ಒಂದು ಗಂಟೆಯ ಮೇಲೆ ಯಾವ ಕೆಲಸ ಬಂದರೂ ಮೊಬೈಲು ಮೊದಲು ಕೇಳುತ್ತದೆ: ಊಟ ಆಯ್ತಾ? ಕಾಪುವಿನಲ್ಲಿ, ಉಡುಪಿಯಲ್ಲಿ, ಕಾರ್ಕಳದಲ್ಲಿ, ಎಲ್ಲ ಕಡೆ ಅವಳದ್ದೇ ಮಾತು.

ಮ್ಯಾನೇಜರ್ ಪಟ್ಟಿ ತೆಗೆದು ನೋಡಿದರು. ಎಲ್ಲರೂ ದಿನಾ ಹೌದು ಒತ್ತುತ್ತಾರೆ. ಒಬ್ಬನೂ ಇಲ್ಲ ಎನ್ನದ ಪ್ರಶ್ನೆ ಯಾಕೆ, ಈ ತಿಂಗಳೂ ಹೀಗೇ ಆದರೆ ತೆಗೆದುಬಿಡಿ ಎಂದರಂತೆ. ಇಂಜಿನಿಯರಮ್ಮ ಮುಖ ಸಣ್ಣ ಮಾಡಿಕೊಂಡು ನನಗೆ ಹೇಳಿದರು.

ನಾನೂ ಹೌದು ಒತ್ತುತ್ತಿದ್ದವನೇ. ಅವಳು ಹೋದ ಮೇಲೆ ಮಧ್ಯಾಹ್ನ ಒಲೆ ಹಚ್ಚಿದವನಲ್ಲ. ಚಾ ಕುಡಿದು ಕಂಬ ಹತ್ತುವುದು. ಅವಳು ಕೇಳುವ ಮಾತಿಗೆ ದಿನಾ ಸುಳ್ಳು ಹೇಳಿ, ಆ ಮಾತನ್ನು ನಾನೇ ಅಳಿಸಲಿಕ್ಕೆ ಹೊರಟಿದ್ದೆ.

ತಿಂಗಳ ಕೊನೆಯ ದಿನ. ಮನೆಯ ಜಗಲಿಯಲ್ಲಿ ಕೂತಿದ್ದೆ. ಕೆಲಸ ಬಂತು. ಊಟ ಆಯ್ತಾ ಎಂದು ಕೇಳಿತು. ಇಲ್ಲ ಒತ್ತಿದೆ.

ಅರ್ಧ ಗಂಟೆಯಲ್ಲಿ ಏಣಿ ಕಟ್ಟಿದ ಜೀಪು ಅಂಗಳಕ್ಕೆ ಬಂತು. ಇಳಿದವನು ಕಾರ್ಕಳದ ದೋಸ್ತಿ. ಆ ದಿನ ಅವನಿಗೆ ಕಾಪುವಿನಲ್ಲಿ ಕೆಲಸ. ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಮೀಟರು.

"ನಿನ್ನಲ್ಲಿ ಫಾಲ್ಟ್ ಉಂಟಂತೆ," ಎಂದ.

ಇಲ್ಲ ಎಂದರೆ ಹತ್ತಿರದವನು ಹೋಗಿ ಸರಿ ಮಾಡಬೇಕು ಎಂದು ಬರೆದದ್ದು ನನಗೆ ಆಗ ನೆನಪಾಯಿತು. ಮೊಬೈಲು ತೋರಿಸಿದೆ. ಅವನು ಓದಿದ. ಎರಡು ವರ್ಷದಿಂದ ಹೀಗೇ ಉಂಟಾ ಎಂದು ಕೇಳಿದ. ಹೌದು ಎಂದೆ. ಮೀಟರು ಜೀಪಿನಲ್ಲಿಟ್ಟು ತನ್ನ ಬುತ್ತಿ ತಂದ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಇಬ್ಬರೂ ಹಂಚಿಕೊಂಡು ಉಂಡೆವು.

ಕೈ ತೊಳೆದ ಮೇಲೆ ಅವನು ಕೆಲಸ ಮುಗಿಯಿತು ಎಂದು ಒತ್ತಬೇಕು. ಅದಕ್ಕೆ ಫಾಲ್ಟಿನ ಕಾರಣ ಬೇಕು. ಇರುವ ಕಾರಣಗಳನ್ನು ಜೋರಾಗಿ ಓದಿದ. ತಂತಿ ತುಂಡು. ಉಪ್ಪಿನ ತುಕ್ಕು. ಮನೆಯಲ್ಲಿ ಜನ ಇಲ್ಲ.

ಅಷ್ಟು ಓದಿ ನನ್ನ ಮುಖ ನೋಡಿದ. ಬೆರಳು ಮೆಲ್ಲ ಕೆಳಗೆ ಸರಿಸಿ, ಕೊನೆಯದ್ದನ್ನು ಒತ್ತಿದ. ಮಂಗ.

ಪ್ರಶ್ನೆ ಉಳಿಯಿತು. ಈಗ ದಿನಾ ಒಲೆ ಹಚ್ಚಿ, ಉಂಡೇ ಹೌದು ಎನ್ನುತ್ತೇನೆ. ಕಾಪುವಿನಲ್ಲಿ ಮಂಗ ಇರುವುದು ಒಂದೇ ಮನೆಯಲ್ಲಿ ಎಂದು ಕಂಪೆನಿಯ ಕಂಪ್ಯೂಟರಿನಲ್ಲಿ ಉಂಟು. ತಿದ್ದಬೇಕಾ ಎಂದು ಇಂಜಿನಿಯರಮ್ಮ ಕೇಳಿದರು. ಬೇಡ ಎಂದೆ. ಹೆಂಡತಿ ಇದ್ದಿದ್ದರೂ ಅದನ್ನೇ ಒತ್ತುತ್ತಿದ್ದಳು.