ಸಿಟ್ಟು ಇಳಿಯುವಷ್ಟು ದೂರ

ಶಿವಮೊಗ್ಗದಿಂದ ಹೈದರಾಬಾದಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ, ಬಲ್ಲಿರಾ? ಸುಮಾರು ಒಂದೂವರೆ ಗಂಟೆ ಎಂದಿರಾದರೆ, ಚಿತ್ರದುರ್ಗದ ನನ್ನ ಸೋದರತ್ತೆಯ ಪರೀಕ್ಷೆಯಲ್ಲಿ ನೀವು ನಪಾಸು! ಅವರು ದೂರವನ್ನು ಅಳೆಯುವುದು ಮೈಲಿಗಲ್ಲಿನಿಂದಲ್ಲ, ಗಡಿಯಾರದಿಂದಲೂ ಅಲ್ಲ, ಸಿಟ್ಟಿನಿಂದ.

ಯಾರೊಡನೆಯಾದರೂ ಜಗಳವಾದರೆ ಅತ್ತೆ ಮರುಮಾತಾಡದೆ ಬಸ್ಸು ಹತ್ತುತ್ತಾರೆ. ಕೋಪ ಆರಿದ ಊರಿನಲ್ಲಿ ಇಳಿದು, ಒಂದು ಲೋಟ ಚಹಾ ಕುಡಿದು, ಎದುರಿನ ಬಸ್ಸಿಗೆ ಮರಳುತ್ತಾರೆ. ಹಾಲಿನವನ ಮೇಲಿನ ಕೋಪಕ್ಕೆ ಮದಕರಿಪುರ ಸಾಕು. ಸೊಸೆಯ ಮೇಲಿನದಕ್ಕೆ ಹೊಳಲ್ಕೆರೆ. ಗಂಡನ ಮೇಲಾದರೆ ಹಿರಿಯೂರಿಗಿಂತ ಮೊದಲು ಇಳಿದ ದಾಖಲೆಯಿಲ್ಲ. ಮಹಿಳೆಯರ ಬಸ್ ಪ್ರಯಾಣ ಉಚಿತವಾದಾಗ ಅದು ಸ್ತ್ರೀ ಸ್ವಾತಂತ್ರ್ಯದ ದಿಟ್ಟ ಹೆಜ್ಜೆಯೆಂದು ನಾನು ಭಾಷಣ ಮಾಡಿದೆ. ಮಾವ ಮಾತ್ರ ತಲೆಯ ಮೇಲೆ ಕೈಹೊತ್ತು ಕುಳಿತರು.

ಒಮ್ಮೆ ಪರಿಚಯದ ಕಂಡಕ್ಟರು ಕೇಳಿದ: "ಇವತ್ತೂ ಹಿರಿಯೂರೇನಮ್ಮ?"

"ಇಲ್ಲಪ್ಪ, ಧರ್ಮಪುರಕ್ಕೇ ಕೊಡು."

"ಅಷ್ಟು ದೂರನಾ? ಯಜಮಾನ್ರು ಅಂಥಾದ್ದೇನಂದ್ರು?"

"ಸಾರಿಗೆ ಉಪ್ಪು ಕಮ್ಮಿ ಅಂದಿದ್ರೆ ಹಿರಿಯೂರಿಗೇ ಮುಗೀತಿತ್ತು. ನಿನ್ ತಂಗಿ ಕೈರುಚಿನೇ ಬ್ಯಾರೆ ಅಂದ್ರು."

ಹೈದರಾಬಾದಿನಲ್ಲಿರುವ ಆ ತಂಗಿಯೊಡನೆ, ಎಂದರೆ ನನ್ನ ಚಿಕ್ಕತ್ತೆಯೊಡನೆ, ಅತ್ತೆಗೆ ಹಲವು ವರ್ಷಗಳಿಂದ ಮಾತಿರಲಿಲ್ಲ. ಅಜ್ಜಿ ತೀರಿಕೊಂಡ ದಿನ ಚಿಕ್ಕತ್ತೆ, "ಅವ್ವನ್ನ ನೀನು ಸರಿಯಾಗಿ ನೋಡ್ಕಳ್ಳಿಲ್ಲ" ಎಂದುಬಿಟ್ಟಿದ್ದರು. ಆ ಮಾತಿಗೆ ತಕ್ಕ ಊರು ಯಾವ ಬಸ್ಸಿನ ಫಲಕದ ಮೇಲೂ ಇರಲಿಲ್ಲ.

ಕಳೆದ ವರ್ಷ ಚಿಕ್ಕತ್ತೆಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಅದರ ಹಿಂದಿನ ದಿನ ಬೆಳಗ್ಗೆ ಫೋನು ಬಂತು: ಒಳಗೆ ಹೋಗುವ ಮುನ್ನ ಅಕ್ಕನನ್ನು ನೋಡಬೇಕಂತೆ. ಅತ್ತೆ ರಾತ್ರಿ ಬಸ್ಸಿಗೆ ಹೊರಡಲು ಅಣಿಯಾದರು. ಅದು ಮುಟ್ಟುವಷ್ಟರಲ್ಲಿ ಚಿಕ್ಕತ್ತೆಯನ್ನು ಒಳಗೆ ಒಯ್ದಿರುತ್ತಾರೆಂದು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ವಿಮಾನದ ಪರ ವಾದ ಮಂಡಿಸಿದೆ.

"ಲೇ, ಹೈದರಾಬಾದು ಆ ಕಡೆ, ಶಿವಮೊಗ್ಗ ಈ ಕಡೆ. ಕೈ ಸುತ್ತಿ ಮೂಗು ಮುಟ್ಟಿಸ್ತೀಯಲ್ಲೋ!"

"ಹಾರೋದು ಒಂದೂವರೆ ಗಂಟೆ ಅಷ್ಟೇ, ಅತ್ತೆ."

"ಅಷ್ಟರಾಗೆ ಏನಾಗ್ತೈತೆ? ನನ್ ಸಿಟ್ಟು ಹೊಸ್ತಿಲೂ ದಾಟಿರಲ್ಲ."

ಅಂತೂ ಹಾರಿದೆವು. ಗಗನಸಖಿ ನೀರು ಕೊಟ್ಟು ಲೋಟ ಹಿಂದಕ್ಕೆ ಪಡೆಯುವಷ್ಟರಲ್ಲಿ ಹೈದರಾಬಾದು ಬಂದಿತು. ಹೊರಗೆ ಬಂದವರೇ ಅತ್ತೆ ನಿಲ್ದಾಣದ ಬೆಂಚೊಂದರ ಮೇಲೆ ಕುಳಿತುಬಿಟ್ಟರು.

"ಹೋಗಾಣ ಬರ್ರಿ ಅತ್ತೆ. ಸಂಜೆ ಮೇಲೆ ಆಸ್ಪತ್ರೆ ಒಳಗೆ ಬಿಡಲ್ಲ."

"ನಾನು ಬಂದೀನಿ ಕಣೋ, ಸಿಟ್ಟು ಆರಿಲ್ಲ. ಹಿಂಗೇ ಹೋದ್ರೆ ಅವ್ವನ ವಿಷಯನೇ ಮೊದ್ಲು ಬಾಯಿಗೆ ಬರ್ತೈತೆ. ಆ ಎದೆ ಅದನ್ನ ತಡೀತೈತೇನು?"

ಪಕ್ಕದಲ್ಲಿ ಕುಳಿತೆ. ಟ್ಯಾಕ್ಸಿಗಳು ಬಂದವು, ಹೋದವು. ಅತ್ತೆ ತುಟಿಯಲ್ಲೇ ಯಾರೊಡನೆಯೋ ವಾದಿಸಿದರು, ಒಮ್ಮೆ ಅತ್ತರು, ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು "ನಡಿ" ಎಂದರು.

ಭೇಟಿಯ ವೇಳೆ ಮುಗಿಯುತ್ತಿತ್ತು. ಚಿಕ್ಕತ್ತೆ ಹಾಸಿಗೆಯಿಂದಲೇ ಕೈಚಾಚಿದರು. "ವಿಮಾನ ತಡ ಆಯ್ತೇನಕ್ಕ?"

ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ವಿಮಾನ ಸರಿಯಾಗೇ ಬಂತು ಕಣೇ. ನಾನೇ ತಡ ಮಾಡ್ದೆ."

ಓದುಗರಲ್ಲಿ ನನ್ನದೊಂದೇ ಕೋರಿಕೆ: ದೂರದಿಂದ ಬಂದವರು ನಿಲ್ದಾಣದಲ್ಲಿ ಸುಮ್ಮನೆ ಕುಳಿತರೆ ದಯವಿಟ್ಟು ಅವಸರಪಡಿಸಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.