ಬಿಪಿಯೇ ಇಲ್ಲದ ಮಾವ

ನಮ್ಮ ಸೋದರಮಾವನಿಗೆ ಒಂದು ದೊಡ್ಡ ಕಾಯಿಲೆ ಇದೆ. ಏನು ಗೊತ್ತೇ? ಅವರಿಗೆ ಬಿಪಿ ಇಲ್ಲ! ಮನೆತನದಲ್ಲಿ ಎಲ್ಲರಿಗೂ ಇರುವುದು ತನಗೊಬ್ಬನಿಗೇ ಇಲ್ಲ ಎಂಬ ಜಂಭ ಇದೆಯಲ್ಲ, ಅದಕ್ಕಿಂತ ದೊಡ್ಡ ಕಾಯಿಲೆ ಬೇಕೆ? ಅಮ್ಮನ ಬಿಪಿ ನಾಲ್ಕು ಬಗೆಯ ಮಾತ್ರೆಗೂ ಬಗ್ಗುವುದಿಲ್ಲ, ಡಾಕ್ಟರೇ ಕೈಚೆಲ್ಲಿದ್ದಾರೆ. ಅವಳ ಈ ಅಣ್ಣನೋ, ಅವಳೆದುರೇ ಕೂತು ಊಟಕ್ಕೆ ನಾಲ್ಕು ಅಪ್ಪೆಮಿಡಿ ಉಪ್ಪಿನಕಾಯಿ ಕಡಿಯುತ್ತಾರೆ. "ನೀನು ವಾಸನೆ ತಗೋ ತಂಗಿ, ಅದಕ್ಕೆ ಡಾಕ್ಟ್ರು ಬೇಡ ಅಂದಿಲ್ಲ" ಎನ್ನುತ್ತಾರೆ.

ಸಾಗರ–ಹೊಸನಗರ–ತೀರ್ಥಹಳ್ಳಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಟಿಕೆಟ್ ಚೀಲದ ಜಾಗಕ್ಕೆ ಬಿಪಿ ಮಷೀನು ಬಂತು. ಯಾವ ಮದುವೆಗೆ ಹೋದರೂ ನೆಂಟರ ತೋಳಿಗೆ ಪಟ್ಟಿ ಸುತ್ತುವುದೇ! "ನೂರಾ ಎಪ್ಪತ್ತು! ಹಿಂದೆ ಯಾರ್ರೀ, ಮುಂದೆ ಬನ್ನಿ!" ಹೊಸನಗರದಲ್ಲಿ ಮದುಮಗನನ್ನೂ ಬಿಡಲಿಲ್ಲ.

"ಏನಪ್ಪಾ, ಇಷ್ಟು ಏರಿದೆ?"

"ತಾಳಿ ಕಟ್ಟೋಕೆ ಇನ್ನು ಐದೇ ನಿಮಿಷ. ಈಗ ಏರದೆ ಇನ್ಯಾವಾಗ ಏರ್ಬೇಕು?"

ಹೋದ ವರ್ಷ ರಕ್ತದೊತ್ತಡದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಸಾಗರಕ್ಕೆ ಬಂದಳು. "ಕೆಲವರಿಗೆ ಹುಟ್ಟಿನಿಂದಲೇ ಒಂದು ಜೀನ್ ಸ್ವಲ್ಪ ಬೇರೆ ಥರ ಇರುತ್ತೆ. ಬಿಪಿ ಏರೋಕೆ ಅದು ಬಿಡಲ್ಲ. ಅದು ಯಾವುದು ಅಂತ ಸಿಕ್ಕಿದ್ರೆ, ಅದೇ ಕೆಲಸ ಮಾಡೋ ಹೊಸ ಔಷಧಿ ಹುಡುಕಬಹುದು. ಒಂದೇ ಮನೆತನದವರ ರಕ್ತ ಬೇಕು" ಎಂದಳು. ಮಾವನಿಗೆ ಇಷ್ಟು ಸಾಕು! ತೀರ್ಥಹಳ್ಳಿಯ ತನಕ ಇರುವ ಬಂಧುಬಳಗವನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಬಂದು ನಮ್ಮ ಜಗಲಿಯಲ್ಲಿ ಸಾಲಾಗಿ ಕೂರಿಸಿದರು. ಎಲ್ಲರದೂ ಆಯಿತು. ಕೊನೆಗೆ ಅವರದೇ ಸರದಿ. ಮಾವ ಎಲ್ಲಿ? ನಾಪತ್ತೆ!

ಹುಡುಕಿಕೊಂಡು ಹೋದೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಊರಿಗೆಲ್ಲ ಪಟ್ಟಿ ಸುತ್ತಿದ ಧೀರನಿಗೆ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತದಂತೆ!

"ನಂಗೆ ಕಾಯಿಲೆನೇ ಇಲ್ಲ, ನನ್ ರಕ್ತ ಯಾಕೆ?"

"ಇಲ್ಲ ಅಂತಲೇ ಬೇಕು ಮಾವ. ಅಮ್ಮಂಗೂ ನಿಮಗೂ ಏನು ವ್ಯತ್ಯಾಸ ಅಂತ ನೋಡ್ಬೇಕಂತೆ."

ಮಾವ ತೀರ್ಥಹಳ್ಳಿ ಬಸ್ಸಿನ ಮೆಟ್ಟಿಲಿಂದ ಮೆಲ್ಲಗೆ ಕೆಳಗಿಳಿದರು.

ಮನೆಗೆ ಬಂದು ಕಣ್ಣು ಮುಚ್ಚಿ ತೋಳು ಚಾಚಿದರು. ಇನ್ನೊಂದು ಕೈಯಲ್ಲಿ ಅಮ್ಮನ ಕೈ. "ಅಪ್ಪ ಪಾಲು ಮಾಡೋವಾಗ ಒಳ್ಳೇದು ಪೂರಾ ನಂಗೇ ಬಂದ್ಬಿಟ್ಟಿದೆ ಮೇಡಂ. ಇವಳ ಪಾಲು ಇವಳಿಗೆ ಕೊಟ್ಬಿಡಿ."

"ತುಂಬಾ ವರ್ಷ ಹಿಡಿಯಬಹುದು. ಸಿಗದೇನೂ ಇರಬಹುದು" ಎಂದಳು ಹುಡುಗಿ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಉಪ್ಪಿನಕಾಯಿ ಜಾಡಿಯನ್ನು ಪಕ್ಕಕ್ಕೆ ಸರಿಸಿದರು. "ಕಟ್ಟಿಡು ತಂಗಿ. ನಿಂಗೆ ಔಷಧಿ ಬಂದ ದಿನ ಇಬ್ರೂ ಒಟ್ಟಿಗೆ ತಿನ್ನಾಣ."

ಅಂದಿನಿಂದ ಆ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿಲ್ಲ. ತಿಂಗಳಿಗೊಮ್ಮೆ ಮಾವ ಆ ಹುಡುಗಿಗೆ ಫೋನ್ ಮಾಡುತ್ತಾರೆ: "ಎಲ್ಲಿತನಕ ಬಂತು ಮೇಡಂ? ನನ್ ತಂಗಿ ಸ್ಟಾಪಲ್ಲೇ ನಿಂತಿದ್ದಾಳೆ."